ಮಹಾದಂಡನಾಯಕನಿಂದ ಸೇನಾ ಮುಖ್ಯಸ್ಥನವರೆಗೆ: ಭಾರತೀಯ ಭೂಸೇನೆಯ ಅತ್ಯುನ್ನತ ಹುದ್ದೆಯ ಸ್ವರೂಪ

ಭಾರತೀಯ ಭೂಸೇನೆಯ ಅತ್ಯುನ್ನತ ಅಧಿಕಾರಿಯನ್ನು ಕನ್ನಡದಲ್ಲಿ ದಂಡನಾಯಕ, ಮಹಾದಂಡನಾಯಕ, ಸೇನಾಪತಿ, ಸೇನಾ ಮುಖ್ಯಸ್ಥ ಎಂದು ಬಗೆಬಗೆಯಾಗಿ ಕರೆಯುವುದುಂಟು. ಈ ಪದಗಳನ್ನು ಸಮಾನಾರ್ಥಕಗಳೆಂದು ಭಾವಿಸಿ ಬಳಸುವ ರೂಢಿ ಬೆಳೆದಿದೆ. ಆದರೆ ಅವುಗಳ ಹಿಂದಿರುವ ಅಧಿಕಾರದ ಕಲ್ಪನೆಗಳು ಒಂದೇ ಅಲ್ಲ. ಕರ್ನಾಟಕದ ಶಾಸನಗಳಲ್ಲಿ ಕಾಣಿಸಿಕೊಳ್ಳುವ ದಂಡನಾಯಕನು ಬಹುಮಟ್ಟಿಗೆ ಮಂತ್ರಿಯೂ ಹೌದು, ಯೋಧನೂ ಹೌದು. ಗಂಗರ ಚಾವುಂಡರಾಯ, ಹೊಯ್ಸಳ ವಿಷ್ಣುವರ್ಧನನ ಗಂಗರಾಜ ಮೊದಲಾದವರಲ್ಲಿ ರಾಜ್ಯಾಡಳಿತ ಮತ್ತು ಸೇನಾಧಿಪತ್ಯಗಳು ಒಬ್ಬನೇ ವ್ಯಕ್ತಿಯಲ್ಲಿ ಕೂಡಿದ್ದವು. ಆಧುನಿಕ ಭಾರತದ ಸೇನಾ ಮುಖ್ಯಸ್ಥನ ಹುದ್ದೆ ರೂಪುಗೊಂಡದ್ದು ಇದಕ್ಕೆ ತೀರ ವಿರುದ್ಧವಾದ ತತ್ತ್ವದ ಮೇಲೆ. ಯುದ್ಧ ಮಾಡಬೇಕೆ, ಬೇಡವೆ ಎಂದು ತೀರ್ಮಾನಿಸುವವನು ಬೇರೆ, ಯುದ್ಧವನ್ನು ನಡೆಸುವವನು ಬೇರೆ ಎಂಬುದೇ ಆ ತತ್ತ್ವ. ಈ ಬೇರ್ಪಡಿಕೆ ಹೇಗಾಯಿತು, ಅದರಿಂದ ಹುದ್ದೆಗೆ ದಕ್ಕಿದ್ದೇನು, ಕಳೆದುಹೋದದ್ದೇನು ಎಂಬುದು ಪ್ರಸ್ತುತ ಲೇಖನದ ವಿಚಾರ.

ಬ್ರಿಟಿಷ್ ಭಾರತದಲ್ಲಿ ಕಮಾಂಡರ್-ಇನ್-ಚೀಫ್, ಅಂದರೆ ಮಹಾದಂಡನಾಯಕ, ವೈಸ್‌ರಾಯನ ನಂತರದ ಸ್ಥಾನದಲ್ಲಿದ್ದ ಪ್ರಬಲ ಅಧಿಕಾರಿ. ಅವನು ಸೈನ್ಯದ ಒಡೆಯ ಮಾತ್ರನಾಗಿರದೆ ವೈಸ್‌ರಾಯನ ಕಾರ್ಯಕಾರಿ ಮಂಡಲಿಯ ಸದಸ್ಯನೂ ಆಗಿದ್ದನು. 20ನೆಯ ಶತಮಾನದ ಆರಂಭದವರೆಗೆ ಅವನ ಅಧಿಕಾರಕ್ಕೆ ಒಂದು ತಡೆಯಿತ್ತು. ಮಂಡಲಿಯಲ್ಲಿ ‘ಮಿಲಿಟರಿ ಸದಸ್ಯ’ನೆಂಬ ಮತ್ತೊಬ್ಬ ಸೇನಾಧಿಕಾರಿ ಇರುತ್ತಿದ್ದನು. ದರ್ಜೆಯಲ್ಲಿ ಮಹಾದಂಡನಾಯಕನಿಗಿಂತ ಕಿರಿಯನಾದರೂ, ಅವನು ಕಳುಹಿಸಿದ ಪ್ರಸ್ತಾವಗಳನ್ನು ಪರಿಶೀಲಿಸಿ ವೈಸ್‌ರಾಯನಿಗೆ ಸ್ವತಂತ್ರ ಅಭಿಪ್ರಾಯ ಕೊಡುವ ಹಕ್ಕು ಇವನಿಗಿತ್ತು. 1902ರಲ್ಲಿ ಮಹಾದಂಡನಾಯಕನಾಗಿ ಬಂದ ಲಾರ್ಡ್ ಕಿಚನರ್‌ಗೆ ಈ ಏರ್ಪಾಟು ಸಹ್ಯವಾಗಲಿಲ್ಲ. ವೈಸ್‌ರಾಯ್ ಕರ್ಜನ್ ಅದನ್ನು ಉಳಿಸಿಕೊಳ್ಳಲು ಹೋರಾಡಿದನು. ಲಂಡನ್ನಿನ ಸರ್ಕಾರ ಬಹುತೇಕ ಕಿಚನರ್‌ನ ಪರವಾಗಿ ನಿಂತಿತು. 1905ರ ಆಗಸ್ಟ್‌ನಲ್ಲಿ ಕರ್ಜನ್ ರಾಜೀನಾಮೆ ಕೊಟ್ಟನು. ಇದರಲ್ಲಿ ಒಂದು ವೈಪರೀತ್ಯವೂ ಅಡಗಿದೆ. ಸ್ವತಃ ಬ್ರಿಟನ್ 1904ರಲ್ಲಿ ತನ್ನ ಸೇನೆಯ ಕಮಾಂಡರ್-ಇನ್-ಚೀಫ್ ಹುದ್ದೆಯನ್ನೇ ರದ್ದುಪಡಿಸಿ ಸಮಿತಿಯ ಆಡಳಿತವನ್ನು ತಂದಿತ್ತು. ತನ್ನ ಮನೆಯಲ್ಲಿ ಬೇಡವೆಂದು ಕಿತ್ತೆಸೆದ ಏಕಾಧಿಪತ್ಯವನ್ನು ಮರುವರ್ಷವೇ ಭಾರತದಲ್ಲಿ ನೆಟ್ಟು ಬೆಳೆಸಿತು. ಅದರ ಫಲ ಮೊದಲ ಮಹಾಯುದ್ಧದಲ್ಲಿ ಕಂಡಿತು. ಮೆಸಪೊಟೇಮಿಯಾ ದಂಡಯಾತ್ರೆಯ ವೈಫಲ್ಯವನ್ನು ವಿಚಾರಿಸಿದ ಆಯೋಗ 1917ರ ವರದಿಯಲ್ಲಿ, ಎಲ್ಲ ಹೊಣೆಯನ್ನೂ ಒಬ್ಬನ ಹೆಗಲಿಗೆ ಹೇರಿದ ಈ ವ್ಯವಸ್ಥೆಯನ್ನು ಕಟುವಾಗಿ ಟೀಕಿಸಿತು. ಆದರೂ ವ್ಯವಸ್ಥೆ ಮೂಲತಃ ಬದಲಾಗಲಿಲ್ಲ.

ಬದಲಾವಣೆಯ ಮೊದಲ ಹೆಜ್ಜೆ 1946ರ ಸೆಪ್ಟೆಂಬರ್ 2ರಂದು ಮಧ್ಯಂತರ ಸರ್ಕಾರ ರಚನೆಯಾದಾಗ ಬಿದ್ದಿತು. ರಕ್ಷಣಾ ಖಾತೆಯನ್ನು ಸರ್ದಾರ್ ಬಲದೇವ್ ಸಿಂಗ್ ವಹಿಸಿಕೊಂಡರು. ಮಹಾದಂಡನಾಯಕ ಆಕಿನ್‌ಲೆಕ್ ಮಂಡಲಿಯ ಸ್ಥಾನವನ್ನು ಬಿಟ್ಟುಕೊಟ್ಟರು. ಸ್ವಾತಂತ್ರ್ಯ ಬಂದ ದಿನದಿಂದ ಭೂಸೇನೆ, ನೌಕಾಪಡೆ, ವಾಯುಪಡೆಗಳಿಗೆ ಪ್ರತ್ಯೇಕ ದಂಡನಾಯಕರು ನೇಮಕವಾದರು. ಮೂರೂ ಪಡೆಗಳ ಮೇಲೆ ಒಬ್ಬನೇ ಇರುತ್ತಿದ್ದ ಹಳೆಯ ಏರ್ಪಾಟು ಅಲ್ಲಿಗೆ ಮುಗಿಯಿತು. ಭೂಸೇನೆಗೆ ಮೊದಲು ಜನರಲ್ ಲಾಕ್‌ಹಾರ್ಟ್, 1948ರ ಜನವರಿಯಿಂದ ಜನರಲ್ ಬುಚರ್ ಮುಖ್ಯಸ್ಥರಾಗಿದ್ದರು. 1949ರ ಜನವರಿ 15ರಂದು ಬುಚರ್ ಅವರಿಂದ ಅಧಿಕಾರ ವಹಿಸಿಕೊಂಡವರು ಕೊಡಗಿನ ಕೆ. ಎಂ. ಕಾರ್ಯಪ್ಪನವರು. ಆ ದಿನವನ್ನು ಸೇನಾ ದಿನವೆಂದು ಪ್ರತಿವರ್ಷ ಆಚರಿಸಲಾಗುತ್ತಿದೆ. ದೆಹಲಿಯಲ್ಲಿ ಮಹಾದಂಡನಾಯಕನ ನಿವಾಸವಾಗಿದ್ದ ಫ್ಲ್ಯಾಗ್‌ಸ್ಟಾಫ್ ಹೌಸ್ ಅಷ್ಟರಲ್ಲಿ ಪ್ರಧಾನಮಂತ್ರಿ ನೆಹರು ಅವರ ಮನೆಯಾಗಿತ್ತು. ಅದೇ ಮುಂದಿನ ತೀನ್ ಮೂರ್ತಿ ಭವನ. ಕಟ್ಟಡವೊಂದು ಕೈಬದಲಾಯಿಸಿದ್ದು ದೊಡ್ಡ ವಿಷಯವಲ್ಲವೆನಿಸಬಹುದು. ಆದರೆ ಅಧಿಕಾರದ ಕೇಂದ್ರ ಎತ್ತ ಸರಿದಿತೆಂಬುದನ್ನು ಅಂದಿನ ದೆಹಲಿಗೆ ಅದಕ್ಕಿಂತ ಸ್ಪಷ್ಟವಾಗಿ ತಿಳಿಸುವುದು ಕಷ್ಟವಿತ್ತು.

1950ರ ಸಂವಿಧಾನದ 53ನೆಯ ಅನುಚ್ಛೇದವು ರಕ್ಷಣಾ ಪಡೆಗಳ ಸರ್ವೋಚ್ಚ ದಂಡನಾಧಿಕಾರವನ್ನು ರಾಷ್ಟ್ರಪತಿಗಳಲ್ಲಿ ನಿಹಿತಗೊಳಿಸಿ, ಅದರ ಚಲಾವಣೆ ಕಾನೂನಿನಿಂದ ನಿಯಂತ್ರಿತವಾಗಬೇಕೆಂದು ವಿಧಿಸುತ್ತದೆ. ರಾಷ್ಟ್ರಪತಿಗಳು ಮಂತ್ರಿಮಂಡಲದ ಸಲಹೆಯಂತೆ ನಡೆಯುವವರಾದ್ದರಿಂದ ನಿಜವಾದ ಅಧಿಕಾರ ಚುನಾಯಿತ ಸರ್ಕಾರದ್ದು. ಸರ್ವೋಚ್ಚ ದಂಡನಾಧಿಕಾರ ರಾಷ್ಟ್ರಪತಿಗಳದ್ದಾದ ಮೇಲೆ ಸೇನೆಯಲ್ಲಿ ಇನ್ನೊಬ್ಬ ಕಮಾಂಡರ್-ಇನ್-ಚೀಫ್ ಇರುವುದು ಕನಿಷ್ಠಪಕ್ಷ ಹೆಸರಿನಲ್ಲಿ ಅಸಂಗತವೆನಿಸುತ್ತಿತ್ತು. ಈ ಅಸಂಗತಿ ಐದು ವರ್ಷ ಮುಂದುವರಿಯಿತು. 1955ರಲ್ಲಿ ಸಂಸತ್ತು ಪದನಾಮ ಬದಲಾವಣೆಯ ಕಾಯಿದೆಯನ್ನು ಅಂಗೀಕರಿಸಿತು. ಆ ವರ್ಷದ ಏಪ್ರಿಲ್ 1ರಿಂದ ಭೂಸೇನೆಯ ಮುಖ್ಯಸ್ಥರು ‘ಚೀಫ್ ಆಫ್ ದಿ ಆರ್ಮಿ ಸ್ಟಾಫ್’ ಆದರು. ಆ ದಿನ ಹುದ್ದೆಯಲ್ಲಿದ್ದವರು ಜನರಲ್ ರಾಜೇಂದ್ರಸಿಂಹಜಿ. ಹೀಗಾಗಿ ಕಾರ್ಯಪ್ಪನವರು ಭೂಸೇನೆಯ ಮೊದಲ ಭಾರತೀಯ ಮಹಾದಂಡನಾಯಕರು, ರಾಜೇಂದ್ರಸಿಂಹಜಿ ಅದೇ ಪರಂಪರೆಯ ಕೊನೆಯವರು ಮತ್ತು ಹೊಸ ಪದನಾಮದ ಮೊದಲಿಗರು. ಕಾರ್ಯಪ್ಪನವರನ್ನು ಮೊದಲ ‘ಚೀಫ್ ಆಫ್ ದಿ ಆರ್ಮಿ ಸ್ಟಾಫ್’ ಎಂದು ಬರೆಯುವ ಜನಪ್ರಿಯ ಗ್ರಂಥಗಳು ಈ ಸೂಕ್ಷ್ಮವನ್ನು ಗಮನಿಸಿಲ್ಲ.

ಹೊಸ ಪದನಾಮದ ಅರ್ಥವನ್ನು ಸ್ವಲ್ಪ ಬಿಡಿಸಿ ನೋಡಬೇಕು. ‘ಸ್ಟಾಫ್’ ಎಂದರೆ ಸೈನಿಕ ಪರಿಭಾಷೆಯಲ್ಲಿ ನೌಕರವರ್ಗವಲ್ಲ. ದಂಡನಾಯಕನಿಗಾಗಿ ಮಾಹಿತಿ ಕಲೆಹಾಕಿ, ಯೋಜನೆ ಸಿದ್ಧಪಡಿಸಿ, ಅವನ ನಿರ್ಣಯವನ್ನು ಆಜ್ಞೆಯ ರೂಪಕ್ಕೆ ತರುವ ಅಧಿಕಾರಿಗಳ ಬಳಗವದು. ಆ ಬಳಗದ ಮುಖ್ಯಸ್ಥನು ತತ್ತ್ವತಃ ಇನ್ನೊಬ್ಬ ದಂಡನಾಯಕನ ಸಹಾಯಕ. ಪದನಾಮ ಸೂಚಿಸುವ ಆ ‘ಇನ್ನೊಬ್ಬ’ನು ಸರ್ಕಾರವೇ. ಆದರೆ ಭಾರತದಲ್ಲಿ ಬದಲಾದದ್ದು ಹೆಸರು ಮಾತ್ರ. ಸೇನೆಯ ಆಧಿಪತ್ಯ, ಶಿಸ್ತು, ನೇಮಕಾತಿ, ತರಬೇತಿ, ಆಡಳಿತ, ಯುದ್ಧಸಿದ್ಧತೆ ಎಲ್ಲವೂ ಹಿಂದಿನಂತೆಯೇ ಮುಖ್ಯಸ್ಥನ ಕೈಯಲ್ಲಿ ಉಳಿದವು. ಬ್ರಿಟನ್ನಿನಲ್ಲಿದ್ದಂತೆ ಮಂತ್ರಿಯ ಅಧ್ಯಕ್ಷತೆಯ ಸೇನಾ ಮಂಡಲಿಯನ್ನು ರಚಿಸಿ ಅದರಲ್ಲಿ ಮುಖ್ಯಸ್ಥನನ್ನು ಸದಸ್ಯನಾಗಿಸುವ ಕ್ರಮವೂ ಇಲ್ಲಿ ಬರಲಿಲ್ಲ. ಪರಿಣಾಮವಾಗಿ ಒಂದು ವಿಲಕ್ಷಣ ಸಂಸ್ಥೆ ಹುಟ್ಟಿಕೊಂಡಿತು. ಸೇನೆಯ ಒಳಗೆ ನೋಡಿದರೆ ಅವನು ಹಳೆಯ ಮಹಾದಂಡನಾಯಕನೇ. ಹೊರಗೆ, ಸರ್ಕಾರದ ಎದುರಿನಲ್ಲಿ, ಅವನು ಸಚಿವಾಲಯಕ್ಕೆ ಲಗತ್ತಾದ ಕಚೇರಿಯೊಂದರ ಮುಖ್ಯಸ್ಥ.

ಇದೇ ಪರಂಪರೆಯ ಹುದ್ದೆ ಪಾಕಿಸ್ತಾನದಲ್ಲಿ ಹಿಡಿದ ದಾರಿಯೊಂದಿಗೆ ಹೋಲಿಸಿದರೆ ಭಾರತದ ನಿರ್ಧಾರದ ಮಹತ್ತ್ವ ತಿಳಿಯುತ್ತದೆ. ಅಲ್ಲಿ 1951ರಲ್ಲಿ ಕಮಾಂಡರ್-ಇನ್-ಚೀಫ್ ಆದ ಅಯೂಬ್ ಖಾನ್ 1954ರಲ್ಲಿ ಆ ಹುದ್ದೆಯಲ್ಲಿರುವಾಗಲೇ ರಕ್ಷಣಾ ಮಂತ್ರಿಯೂ ಆದರು. ಕಿಚನರ್ ಬಯಸಿದ ಕೂಡುವಿಕೆ ಅದೇ. 1958ರ ಅಕ್ಟೋಬರಿನಲ್ಲಿ ಅವರು ರಾಷ್ಟ್ರದ ಅಧಿಕಾರವನ್ನೇ ಕೈಗೆ ತೆಗೆದುಕೊಂಡರು. ಪಾಕಿಸ್ತಾನ ಈ ಪದನಾಮವನ್ನು ಬಿಟ್ಟದ್ದು 1972ರಲ್ಲಿ. ಆ ಬಳಿಕವೂ ಅಲ್ಲಿ ಸೈನಿಕ ಆಡಳಿತಗಳು ಬಂದವು. ಹೆಸರು ಬದಲಾದ ಮಾತ್ರಕ್ಕೆ ಸಂಬಂಧ ಬದಲಾಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ.

ಕಾನೂನು ಈ ಹುದ್ದೆಗೆ ಕೊಟ್ಟಿರುವ ಅಧಿಕಾರವನ್ನು ಇನ್ನು ಪರಿಶೀಲಿಸಬಹುದು. 1950ರ ಸೇನಾ ಕಾಯಿದೆಯ ಪ್ರಕಾರ ಸೇನೆಯ ಪ್ರತಿಯೊಬ್ಬನೂ ರಾಷ್ಟ್ರಪತಿಗಳ ಇಚ್ಛಾಪರ್ಯಂತ ಹುದ್ದೆಯಲ್ಲಿರತಕ್ಕವನು. ಮುಖ್ಯಸ್ಥನೂ ಇದಕ್ಕೆ ಹೊರತಲ್ಲ. ಅಧಿಕಾರಿಗಳಲ್ಲದ ಯಾರನ್ನೇ ಆದರೂ ಸೇವೆಯಿಂದ ವಜಾಗೊಳಿಸುವ ಅಧಿಕಾರ ಮುಖ್ಯಸ್ಥನಿಗಿದೆ. ಆದರೆ ಅತಿ ಕಿರಿಯ ಲೆಫ್ಟಿನೆಂಟನನ್ನೂ ಆಡಳಿತಾತ್ಮಕ ಆಜ್ಞೆಯಿಂದ ವಜಾ ಮಾಡುವ ಅಧಿಕಾರ ಅವನಿಗಿಲ್ಲ. ಅದು ಕೇಂದ್ರ ಸರ್ಕಾರಕ್ಕೆ ಸೇರಿದ್ದು. ಜನರಲ್ ಕೋರ್ಟ್ ಮಾರ್ಷಲನ್ನು ಕರೆಯುವ ಅಧಿಕಾರ ಅವನಿಗುಂಟು. ತನ್ನ ಅಧಿಕಾರಪತ್ರದ ಮೂಲಕ ಅದನ್ನು ಇತರರಿಗೂ ಕೊಡಬಲ್ಲನು. ಅನ್ಯಾಯವಾಯಿತೆಂದು ಭಾವಿಸುವ ಅಧಿಕಾರಿ ಮೇಲಿನವರಿಂದ ಪರಿಹಾರ ಸಿಗದಿದ್ದರೆ ಕೇಂದ್ರ ಸರ್ಕಾರಕ್ಕೆ ದೂರು ಸಲ್ಲಿಸಬಹುದು. 2007ರ ಕಾಯಿದೆಯಂತೆ ಸ್ಥಾಪಿತವಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ 2009ರಲ್ಲಿ ಕಾರ್ಯಾರಂಭ ಮಾಡಿದ ಮೇಲೆ ಮುಖ್ಯಸ್ಥನ ಆಜ್ಞೆಗಳೂ ನ್ಯಾಯಿಕ ಪರಿಶೀಲನೆಗೆ ಸುಲಭವಾಗಿ ಒಳಪಟ್ಟಿವೆ. ಅಧಿಕಾರಿವರ್ಗದ ಅಳಿವು ಉಳಿವನ್ನು ಸರ್ಕಾರವು ಕಾಯಿದೆ ರಚನೆಯ ಕಾಲದಲ್ಲೇ ತನ್ನಲ್ಲಿ ಉಳಿಸಿಕೊಂಡದ್ದು ಆಕಸ್ಮಿಕವೆನ್ನಲಾಗದು.

ಸುಮಾರು 12 ಲಕ್ಷ ಸೈನಿಕರ ಈ ಸೇನೆಯನ್ನು ಮುಖ್ಯಸ್ಥನು ನೇರವಾಗಿ ಯುದ್ಧಭೂಮಿಯಲ್ಲಿ ನಡೆಸುವುದಿಲ್ಲ. ಉಧಂಪುರ, ಚಂಡೀಮಂದಿರ, ಜೈಪುರ, ಲಖನೌ, ಕೋಲ್ಕತ್ತಾ, ಪುಣೆಗಳಲ್ಲಿರುವ ಆರು ಪ್ರಾದೇಶಿಕ ಕಮಾಂಡುಗಳು ಮತ್ತು ಸಿಮ್ಲಾದ ತರಬೇತಿ ಕಮಾಂಡಿನ ಮೂಲಕ ಅವನ ಆಜ್ಞೆ ಹರಿಯುತ್ತದೆ. ಪ್ರತಿಯೊಂದಕ್ಕೂ ಲೆಫ್ಟಿನೆಂಟ್ ಜನರಲ್ ದರ್ಜೆಯ ಆರ್ಮಿ ಕಮಾಂಡರ್ ಇರುತ್ತಾರೆ. ಇವರ ಪದನಾಮದಲ್ಲಿ ‘ಕಮಾಂಡಿಂಗ್-ಇನ್-ಚೀಫ್’ ಎಂಬ ಮಾತು ಇಂದಿಗೂ ಉಳಿದಿರುವುದು ಕುತೂಹಲಕರ. ಮುಖ್ಯಸ್ಥನ ಹೆಸರಿನಿಂದ ಹೋದದ್ದು ಅವನ ಅಧೀನರ ಹೆಸರಿನಲ್ಲಿ ನಿಂತಿದೆ. ಈ ಕಮಾಂಡರುಗಳು ಕೇವಲ ಆಜ್ಞಾಪಾಲಕರಲ್ಲ. 1965ರ ಯುದ್ಧದಲ್ಲಿ ಪಂಜಾಬಿನ ಸೇನೆಯನ್ನು ಬಿಯಾಸ್ ನದಿಯ ಹಿಂದಕ್ಕೆ ತರುವ ವಿಚಾರವನ್ನು ಮುಖ್ಯಸ್ಥ ಜನರಲ್ ಚೌಧುರಿ ಮುಂದಿಟ್ಟರೆಂದೂ ತಾವು ಅದಕ್ಕೆ ಒಪ್ಪಲಿಲ್ಲವೆಂದೂ ಪಶ್ಚಿಮ ಕಮಾಂಡಿನ ಹರ್‌ಬಕ್ಷ್ ಸಿಂಗ್ ಬರೆದಿದ್ದಾರೆ. ಇದು ಒಬ್ಬರ ನಿರೂಪಣೆ, ಎಲ್ಲರೂ ಒಪ್ಪಿದ್ದಲ್ಲ. ಸೇನೆ ಹಿಂದೆ ಸರಿಯಲಿಲ್ಲವೆಂಬುದು ಮಾತ್ರ ನಿರ್ವಿವಾದ.

ನೇಮಕದ ಕ್ರಮ ಸರಳ. ಸೇವೆಯಲ್ಲಿರುವ ಲೆಫ್ಟಿನೆಂಟ್ ಜನರಲ್‌ಗಳ ಪೈಕಿ ಒಬ್ಬರನ್ನು ಸಂಪುಟದ ನೇಮಕಾತಿ ಸಮಿತಿ ಆಯ್ಕೆ ಮಾಡುತ್ತದೆ. ಮೂರು ವರ್ಷ ಅಥವಾ 62 ವರ್ಷ ವಯಸ್ಸು, ಯಾವುದು ಮೊದಲೋ ಅಲ್ಲಿಗೆ ಅಧಿಕಾರಾವಧಿ ಮುಗಿಯುತ್ತದೆ. ಸಾಮಾನ್ಯವಾಗಿ ಹಿರಿತನವನ್ನು ಪಾಲಿಸಲಾಗಿದೆ. ಆದರೆ ಅದು ಕಾನೂನಲ್ಲ, ರೂಢಿ. 1983ರಲ್ಲಿ ಎಸ್. ಕೆ. ಸಿನ್ಹಾ ಅವರನ್ನು ದಾಟಿ ಎ. ಎಸ್. ವೈದ್ಯ ಅವರನ್ನೂ, 2016ರಲ್ಲಿ ಇಬ್ಬರು ಹಿರಿಯರನ್ನು ದಾಟಿ ಬಿಪಿನ್ ರಾವತ್ ಅವರನ್ನೂ ನೇಮಿಸಲಾಯಿತು. ಸಿನ್ಹಾ ರಾಜೀನಾಮೆ ಕೊಟ್ಟು ಹೊರನಡೆದರು. ಫೀಲ್ಡ್ ಮಾರ್ಷಲ್ ಎಂಬುದು ಹುದ್ದೆಯಲ್ಲ, ಗೌರವದ ದರ್ಜೆ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಭೂಸೇನೆಯಲ್ಲಿ ಅದನ್ನು ಪಡೆದವರು 1973ರಲ್ಲಿ ಮಾಣೆಕ್‌ಷಾ ಮತ್ತು 1986ರಲ್ಲಿ ಕಾರ್ಯಪ್ಪ, ಇಬ್ಬರೇ. ರಾಷ್ಟ್ರದ ಅಗ್ರತಾ ಪಟ್ಟಿಯಲ್ಲಿ ಸೇನಾ ಮುಖ್ಯಸ್ಥರ ಸ್ಥಾನ 12ನೆಯದು. ಸಂಪುಟ ಕಾರ್ಯದರ್ಶಿಯದು ಅದಕ್ಕಿಂತ ಒಂದು ಮೆಟ್ಟಿಲು ಮೇಲೆ.

ಹುದ್ದೆಯ ನಿಜವಾದ ಸತ್ತ್ವಪರೀಕ್ಷೆ ನಡೆಯುವುದು ಸರ್ಕಾರಕ್ಕೆ ಸಲಹೆ ಕೊಡುವಲ್ಲಿ. ಸಲಹೆ ತಿರಸ್ಕೃತವಾದಾಗ ಮುಖ್ಯಸ್ಥನು ಏನು ಮಾಡಬೇಕು? ಸಂವಿಧಾನವಾಗಲಿ ಸೇನಾ ಕಾಯಿದೆಯಾಗಲಿ ಇದಕ್ಕೆ ಉತ್ತರ ಕೊಡುವುದಿಲ್ಲ. ಉತ್ತರವನ್ನು ಇತಿಹಾಸದ ಪ್ರಸಂಗಗಳಲ್ಲಿ ಅರಸಬೇಕಾಗಿದೆ.

ಮೊದಲ ಪ್ರಸಂಗ 1959ರದು. ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ಕೆ. ಎಸ್. ತಿಮ್ಮಯ್ಯನವರು 1957ರ ಮೇ ತಿಂಗಳಿನಿಂದ ಮುಖ್ಯಸ್ಥರಾಗಿದ್ದರು. ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಅವರೊಂದಿಗೆ ಬಡ್ತಿಗಳ ವಿಷಯದಲ್ಲಿಯೂ ಕಾರ್ಯವಿಧಾನದಲ್ಲಿಯೂ ಅವರಿಗೆ ತೀವ್ರ ಭಿನ್ನಾಭಿಪ್ರಾಯ ಬೆಳೆಯಿತು. ಅದನ್ನು ನೇರವಾಗಿ ಪ್ರಧಾನಮಂತ್ರಿಗಳ ಬಳಿ ಹೇಳಿಕೊಂಡದ್ದು ಮಂತ್ರಿಯ ಕೋಪಕ್ಕೆ ಕಾರಣವಾಯಿತು. ಆಗಸ್ಟ್ 31ರಂದು ತಿಮ್ಮಯ್ಯನವರು ರಾಜೀನಾಮೆ ಸಲ್ಲಿಸಿದರು. ಲೋಂಗ್‌ಜುವಿನಲ್ಲಿ ಚೀನೀ ಸೇನೆಯೊಂದಿಗೆ ಘರ್ಷಣೆ ನಡೆದು ಇನ್ನೂ ವಾರ ಕಳೆದಿರಲಿಲ್ಲ. ನೆಹರು ಅವರ ಮಾತಿಗೆ ಮಣಿದು ತಿಮ್ಮಯ್ಯನವರು ರಾಜೀನಾಮೆಯನ್ನು ಹಿಂತೆಗೆದುಕೊಂಡರು. ಸೆಪ್ಟೆಂಬರ್ 2ರಂದು ಸಂಸತ್ತಿನಲ್ಲಿ ಮಾತನಾಡಿದ ನೆಹರು ನಾಗರಿಕ ಅಧಿಕಾರವೇ ಪರಮವೆಂದು ಸಾರಿದರಲ್ಲದೆ, ಜನರಲ್‌ರ ಕಾರಣಗಳು ಅಷ್ಟು ಗುರುತರವಲ್ಲವೆಂಬ ಧಾಟಿಯಲ್ಲಿ ನುಡಿದರು. ತತ್ತ್ವದ ದೃಷ್ಟಿಯಿಂದ ನೆಹರು ಅವರ ನಿಲುವು ಸರಿಯಾದುದೇ. ಆದರೆ ಹಿಂತೆಗೆಸಿಕೊಂಡ ಬಳಿಕ ಹಾಗೆ ಮಾತನಾಡಿದ್ದು ತಿಮ್ಮಯ್ಯನವರನ್ನು ಇಕ್ಕಟ್ಟಿಗೆ ಸಿಲುಕಿಸಿತು. ರಾಜೀನಾಮೆ ಎಂಬುದು ಮುಖ್ಯಸ್ಥನ ಬತ್ತಳಿಕೆಯ ಕೊನೆಯ ಬಾಣ. ಬಿಟ್ಟ ಬಾಣವನ್ನು ಹಿಂದಕ್ಕೆ ಪಡೆದವರ ಮಾತಿಗೆ ಮೊದಲಿನ ತೂಕ ಉಳಿಯಲಿಲ್ಲ. 1961ರ ಮೇ ತಿಂಗಳಲ್ಲಿ ನಿವೃತ್ತರಾಗುವವರೆಗೆ ಅವರು ಹುದ್ದೆಯಲ್ಲಿದ್ದರು. ಮುಂದೆ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ನಾಯಕರಾಗಿದ್ದಾಗ 1965ರಲ್ಲಿ ನಿಧನರಾದರು.

ತಿಮ್ಮಯ್ಯನವರ ಉತ್ತರಾಧಿಕಾರಿ ಜನರಲ್ ಪಿ. ಎನ್. ಥಾಪರ್ ಎದುರಿಸಿದ ಸನ್ನಿವೇಶ ಇನ್ನೂ ಕಠಿಣವಾದುದು. 1962ರ ಸೆಪ್ಟೆಂಬರಿನಲ್ಲಿ ಚೀನೀಯರು ಥಾಗ್ ಲಾ ಏಣಿನಿಂದ ಇಳಿದು ಧೋಲಾ ಠಾಣೆಯನ್ನು ಸುತ್ತುವರಿದಾಗ ಅವರನ್ನು ಹೊರದೂಡಬೇಕೆಂದು ಸರ್ಕಾರ ಬಯಸಿತು. ಹಾಗೆ ಮಾಡಿದಲ್ಲಿ ಲಡಾಖಿನಲ್ಲಿ ಪ್ರತೀಕಾರ ನಡೆದೀತೆಂಬ ಆತಂಕವನ್ನು ಥಾಪರ್ ಸೆಪ್ಟೆಂಬರ್ 22ರ ಸಭೆಯಲ್ಲಿ ಮುಂದಿಟ್ಟರು. ಆ ಹೊತ್ತಿಗೆ ಪ್ರಧಾನಮಂತ್ರಿಗಳೂ ರಕ್ಷಣಾ ಮಂತ್ರಿಗಳೂ ವಿದೇಶದಲ್ಲಿದ್ದರು. ಆಜ್ಞೆಯನ್ನು ಬರಹದಲ್ಲಿ ಕೊಡಬೇಕೆಂದು ಥಾಪರ್ ಕೇಳಿದರು. ಬಂದ ಬರಹಕ್ಕೆ ಸಹಿ ಹಾಕಿದ್ದು ರಕ್ಷಣಾ ಸಚಿವಾಲಯದ ಒಬ್ಬ ಜಂಟಿ ಕಾರ್ಯದರ್ಶಿ. ರಾಷ್ಟ್ರವನ್ನು ಯುದ್ಧದ ಅಂಚಿಗೆ ಒಯ್ಯುವ ಆಜ್ಞೆ ಆ ಮಟ್ಟದಲ್ಲಿ ಹೊರಟಿತು! ಮುಖ್ಯಸ್ಥರು ಅದನ್ನು ಒಪ್ಪಿಕೊಂಡರು. ಅಕ್ಟೋಬರ್ 20ರಂದು ಚೀನೀ ಆಕ್ರಮಣ ಆರಂಭವಾಯಿತು. ನವೆಂಬರ್ 19ರ ಹೊತ್ತಿಗೆ ಸೆ ಲಾ, ಬೊಮ್ಡಿಲಾಗಳು ಬಿದ್ದುಹೋಗಿ ಥಾಪರ್ ಪದತ್ಯಾಗ ಮಾಡಿದರು. ಆಪತ್ತನ್ನು ಅವರು ಅರಿತಿರಲಿಲ್ಲವೆನ್ನುವಂತಿಲ್ಲ. ಬರಹದ ಆಜ್ಞೆ ಕೇಳಿದ್ದೇ ಅರಿವಿಗೆ ಸಾಕ್ಷಿ. ಬರಹದ ಆಜ್ಞೆ ಅಧಿಕಾರಿಯೊಬ್ಬನ ಹೊಣೆಯನ್ನು ಕಾಗದದ ಮೇಲೆ ಕಡಿಮೆ ಮಾಡಬಹುದು. ಆದರೆ ನಮ್ಕಾ ಚು ತೀರದಲ್ಲಿ ಹತ್ತಿಬಟ್ಟೆಯ ಸಮವಸ್ತ್ರದಲ್ಲಿ ನಿಂತಿದ್ದ ಸೈನಿಕರಿಗೆ ಅದರಿಂದ ಯಾವ ರಕ್ಷಣೆಯೂ ದೊರೆಯಲಿಲ್ಲ. ಈ ಸೋಲಿನ ಬಳಿಕ ಯಶವಂತರಾವ್ ಚವಾಣ್ ರಕ್ಷಣಾ ಮಂತ್ರಿಯಾಗಿ ಮೂವರು ಮುಖ್ಯಸ್ಥರನ್ನು ಬೆಳಗಿನ ಸಭೆಗಳಲ್ಲಿ ಭೇಟಿಯಾಗುವ ಪದ್ಧತಿಯನ್ನು ಬೆಳೆಸಿದರು. ಕಾರ್ಯಾಚರಣೆಯ ವಿವರಗಳನ್ನು ಸೈನಿಕರಿಗೇ ಬಿಡುವ ರೂಢಿ ಈ ಕಾಲದಿಂದ ಬಲಗೊಂಡಿತೆಂದು ವಿದ್ವಾಂಸರ ಅಭಿಪ್ರಾಯ.

1971ರಲ್ಲಿ ನಡೆದದ್ದು ಹೆಚ್ಚು ಪ್ರಸಿದ್ಧ. ಏಪ್ರಿಲ್ ತಿಂಗಳ ಸಂಪುಟ ಸಭೆಯಲ್ಲಿ ಪೂರ್ವ ಪಾಕಿಸ್ತಾನಕ್ಕೆ ಕೂಡಲೇ ನುಗ್ಗಬೇಕೆಂಬ ಒತ್ತಾಯ ಬಂದಾಗ ತಾವು ಒಪ್ಪಲಿಲ್ಲವೆಂದು ಮಾಣೆಕ್‌ಷಾ ಅನೇಕ ಉಪನ್ಯಾಸಗಳಲ್ಲಿ ಹೇಳಿದ್ದರು. ಮಳೆಗಾಲದಲ್ಲಿ ಬಂಗಾಳದ ನದಿಗಳು ಸಮುದ್ರದಂತಾಗುವುದು, ಹಿಮಾಲಯದ ಕಣಿವೆದಾರಿಗಳು ತೆರೆದಿರುವಾಗ ಚೀನಾದ ಭಯ, ಸುಗ್ಗಿಯ ಕಾಲದಲ್ಲಿ ಸೈನ್ಯಸಾಗಣೆಯ ತೊಡಕು, ಟ್ಯಾಂಕುಗಳ ಅಪೂರ್ಣ ಸಿದ್ಧತೆ ಇವು ಅವರು ಕೊಟ್ಟ ಕಾರಣಗಳು. ರಾಜೀನಾಮೆಗೂ ತಾವು ಸಿದ್ಧರಿದ್ದೆವೆಂದು ಅವರು ಹೇಳಿದ್ದುಂಟು. ಇಂದಿರಾ ಗಾಂಧಿಯವರಿಗೆ ಏಪ್ರಿಲ್‌ನಲ್ಲಿಯೇ ಯುದ್ಧ ಹೂಡುವ ಇರಾದೆ ಇರಲಿಲ್ಲವೆಂದು ವಾದಿಸಿ ಈ ಕಥನದ ನಾಟಕೀಯತೆಯನ್ನು ಇತಿಹಾಸಕಾರರು ಪ್ರಶ್ನಿಸಿದ್ದಾರೆ. ಆ ಪ್ರಶ್ನೆ ನ್ಯಾಯವಾದುದು. ಸರ್ಕಾರದ ಒಲವು ಮೊದಲೇ ಆ ಕಡೆಗಿದ್ದರೆ ಮುಖ್ಯಸ್ಥನ ಸಲಹೆ ತಡೆಯಾಗಿ ಅಲ್ಲ, ಬೆಂಬಲವಾಗಿ ಕೆಲಸ ಮಾಡಿತೆಂದಾಗುತ್ತದೆ. ಹೇಗಿದ್ದರೂ ಡಿಸೆಂಬರ್ 3ರಿಂದ 16ರವರೆಗಿನ ಯುದ್ಧಕ್ಕೆ ಸೇನೆಗೆ ಹಲವು ತಿಂಗಳ ಸಿದ್ಧತೆಯ ಕಾಲ ದೊರೆತದ್ದು ಸತ್ಯ. ಯುದ್ಧದ ಉದ್ದೇಶವನ್ನು ಸರ್ಕಾರವೂ ಸಮಯವನ್ನು ಸೇನೆಯ ಸಿದ್ಧತೆಯೂ ನಿರ್ಧರಿಸಿದ ಅಪರೂಪದ ಉದಾಹರಣೆಯಿದು. ಥಾಪರ್ ಅವರಿಗೂ ಮಾಣೆಕ್‌ಷಾ ಅವರಿಗೂ ಕಾನೂನು ಕೊಟ್ಟಿದ್ದ ಅಧಿಕಾರ ಒಂದೇ. ವ್ಯತ್ಯಾಸವಿದ್ದದ್ದು ಕೇಳಿಸಿಕೊಳ್ಳುವವರಲ್ಲಿ ಮತ್ತು ಹೇಳುವ ಧೈರ್ಯದಲ್ಲಿ.

ಸರ್ಕಾರ ಮತ್ತು ಮುಖ್ಯಸ್ಥರ ನಡುವಿನ ವೈಮನಸ್ಯ ಸಾರ್ವಜನಿಕವಾದ ಪ್ರಸಂಗಗಳು ವಿರಳ. 1998ರ ಡಿಸೆಂಬರ್ 30ರಂದು ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ವಿಷ್ಣು ಭಾಗವತ್ ಅವರನ್ನು ವಜಾ ಮಾಡಿದಾಗ ರಾಷ್ಟ್ರಪತಿಗಳ ಇಚ್ಛೆ ಎಂಬ ಮಾತು ಬರಿಯ ಅಲಂಕಾರವಲ್ಲವೆಂಬುದು ಮನವರಿಕೆಯಾಯಿತು. 2012ರಲ್ಲಿ ಜನರಲ್ ವಿ. ಕೆ. ಸಿಂಗ್ ತಮ್ಮ ಜನ್ಮದಿನಾಂಕದ ವಿವಾದವನ್ನು ಸರ್ವೋಚ್ಚ ನ್ಯಾಯಾಲಯಕ್ಕೆ ಒಯ್ದು, ಫೆಬ್ರವರಿಯಲ್ಲಿ ಅರ್ಜಿಯನ್ನು ಹಿಂಪಡೆದು, ಮೇ 31ರಂದು ನಿವೃತ್ತರಾದರು. ಸರ್ಕಾರದ ಮುಖ್ಯ ಸೈನಿಕ ಸಲಹೆಗಾರನೇ ಸರ್ಕಾರದ ವಿರುದ್ಧ ಕಕ್ಷಿದಾರನಾಗಿ ನಿಂತ ಸ್ಥಿತಿ ಹುದ್ದೆಗೆ ಶೋಭೆ ತರುವಂಥದಾಗಿರಲಿಲ್ಲ.

2020ರಿಂದ ಹುದ್ದೆಯ ಸುತ್ತಲಿನ ಚೌಕಟ್ಟೇ ಬದಲಾಗಿದೆ. ಕಾರ್ಗಿಲ್ ಯುದ್ಧದ ಬಳಿಕ ರಚಿತವಾದ ಮಂತ್ರಿಗಳ ಸಮೂಹ 2001ರಲ್ಲಿ ಶಿಫಾರಸು ಮಾಡಿದ್ದ ರಕ್ಷಣಾ ಪಡೆಗಳ ಮುಖ್ಯಸ್ಥನ ಹುದ್ದೆ, ಅಂದರೆ ‘ಚೀಫ್ ಆಫ್ ಡಿಫೆನ್ಸ್ ಸ್ಟಾಫ್’, 2020ರ ಜನವರಿ 1ರಂದು ಅಸ್ತಿತ್ವಕ್ಕೆ ಬಂದಿತು. ಹಿಂದಿನ ದಿನವಷ್ಟೇ ಭೂಸೇನೆಯ ಮುಖ್ಯಸ್ಥತ್ವದಿಂದ ನಿವೃತ್ತರಾದ ಬಿಪಿನ್ ರಾವತ್ ಅದರ ಮೊದಲಿಗರು. ಮೂರು ಪಡೆಗಳಿಗೂ ಸಂಬಂಧಿಸಿದ ವಿಷಯಗಳಲ್ಲಿ ರಕ್ಷಣಾ ಮಂತ್ರಿಗಳ ಪ್ರಧಾನ ಸಲಹೆಗಾರ ಇವರು. ತಮ್ಮ ತಮ್ಮ ಪಡೆಗೆ ಮಾತ್ರ ಸೀಮಿತವಾದ ವಿಷಯಗಳಲ್ಲಿ ಸಲಹೆ ಕೊಡುವ ಹಕ್ಕು ಆಯಾ ಮುಖ್ಯಸ್ಥರಲ್ಲಿ ಉಳಿಯಿತು. ಪಡೆಗಳ ಮೇಲೆ ಇವರಿಗೆ ದಂಡನಾಧಿಕಾರವನ್ನು ಕೊಡಲಿಲ್ಲ. ಅದೇ ಹೊತ್ತಿಗೆ ರಕ್ಷಣಾ ಸಚಿವಾಲಯದಲ್ಲಿ ಸೈನಿಕ ವ್ಯವಹಾರಗಳ ಇಲಾಖೆಯೊಂದನ್ನು ತೆರೆದು ಇವರನ್ನೇ ಅದರ ಕಾರ್ಯದರ್ಶಿಯನ್ನಾಗಿ ಮಾಡಲಾಯಿತು. ಸಮವಸ್ತ್ರಧಾರಿಯೊಬ್ಬರು ಸಚಿವಾಲಯದ ಒಳಗೆ ಈ ಅಧಿಕಾರದಿಂದ ಕುಳಿತದ್ದು ಸ್ವತಂತ್ರ ಭಾರತದಲ್ಲಿ ಹೊಸದು. 1905ರಲ್ಲಿ ಮುಗಿದಿತ್ತೆಂದು ತೋರಿದ್ದ ಮಿಲಿಟರಿ ಸದಸ್ಯನ ಕಲ್ಪನೆ ಇದರಲ್ಲಿ ಮಾರ್ಪಟ್ಟು ಮರಳಿದೆ ಎಂದು ಹೇಳಲು ಅವಕಾಶವಿದೆ. 2021ರ ಡಿಸೆಂಬರ್ 8ರಂದು ಕೂನೂರಿನ ಬಳಿ ಹೆಲಿಕಾಪ್ಟರ್ ಅಪಘಾತದಲ್ಲಿ ರಾವತ್ ಮೃತರಾದ ಮೇಲೆ ಒಂಬತ್ತು ತಿಂಗಳಿಗೂ ಹೆಚ್ಚು ಕಾಲ ಸ್ಥಾನ ಖಾಲಿ ಇತ್ತು. 2022ರ ಸೆಪ್ಟೆಂಬರ್ 30ರಂದು ಅಧಿಕಾರ ವಹಿಸಿಕೊಂಡ ಅನಿಲ್ ಚೌಹಾಣ್ ನಿವೃತ್ತ ಲೆಫ್ಟಿನೆಂಟ್ ಜನರಲ್ ಆಗಿದ್ದರು. ಯಾವುದೇ ಪಡೆಯ ಮುಖ್ಯಸ್ಥರಾಗಿದ್ದವರಲ್ಲ.

ರಾವತ್ ಅವರ ನೇಮಕದ ಕಾಲದಿಂದ ಚರ್ಚೆಯಲ್ಲಿರುವ ಥಿಯೇಟರ್ ಕಮಾಂಡುಗಳ ಪ್ರಸ್ತಾವ ಇನ್ನೂ ಆಳವಾದುದು. ಒಂದು ಭೌಗೋಳಿಕ ರಂಗದಲ್ಲಿರುವ ಮೂರೂ ಪಡೆಗಳನ್ನು ಒಬ್ಬನೇ ದಂಡನಾಯಕನ ಕೈಗೆ ಕೊಡುವುದು ಅದರ ತಿರುಳು. ಅಮೆರಿಕದಲ್ಲಿ 1986ರ ಕಾಯಿದೆಯ ನಂತರ ಭೂಸೇನೆಯ ಮುಖ್ಯಸ್ಥನು ಯುದ್ಧಾಜ್ಞೆಯ ಸರಪಳಿಯಿಂದ ಹೊರಗುಳಿದಿದ್ದಾನೆ. ಸೈನ್ಯವನ್ನು ಕಟ್ಟುವುದು, ತರಬೇತಿ ಕೊಡುವುದು, ಪೋಷಿಸುವುದು ಅಲ್ಲಿ ಅವನ ಕೆಲಸ. ಭಾರತದಲ್ಲಿಯೂ ಅದೇ ಮಾದರಿ ಪೂರ್ಣವಾಗಿ ಬಂದರೆ ಉಧಂಪುರದಿಂದ ಕೋಲ್ಕತ್ತಾದವರೆಗಿನ ಕಮಾಂಡುಗಳ ಮೇಲೆ ಮುಖ್ಯಸ್ಥನಿಗಿರುವ ಆಧಿಪತ್ಯ ಉಳಿಯಲಾರದು. 1955ರಲ್ಲಿ ಕೊಟ್ಟ ಹೆಸರು ಆಗ ಮೊದಲ ಬಾರಿಗೆ ಕೆಲಸಕ್ಕೆ ಸರಿಹೊಂದುತ್ತದೆ. ಈ ದಿಕ್ಕಿನಲ್ಲಿ ಕಾನೂನಿನ ಹೆಜ್ಜೆ ಈಗಾಗಲೇ ಬಿದ್ದಿದೆ. 2023ರಲ್ಲಿ ಅಂಗೀಕೃತವಾಗಿ 2024ರ ಮೇ 10ರಂದು ಜಾರಿಗೆ ಬಂದ ಅಂತರ-ಸೇವಾ ಸಂಸ್ಥೆಗಳ ಕಾಯಿದೆಯು ಜಂಟಿ ಸಂಸ್ಥೆಯ ಮುಖ್ಯಸ್ಥನಿಗೆ, ಅವನು ಯಾವ ಪಡೆಯವನೇ ಆಗಿರಲಿ, ತನ್ನ ಅಧೀನದಲ್ಲಿರುವ ಮೂರೂ ಪಡೆಗಳ ಸಿಬ್ಬಂದಿಯ ಮೇಲೆ ಶಿಸ್ತುಕ್ರಮದ ಅಧಿಕಾರವನ್ನು ಕೊಟ್ಟಿದೆ. ಭೂಸೇನೆಯ ಸೈನಿಕನನ್ನು ದಂಡಿಸುವ ಅಧಿಕಾರ ಹೀಗೆ ನೌಕಾಪಡೆಯ ಅಥವಾ ವಾಯುಪಡೆಯ ಅಧಿಕಾರಿಯ ಕೈಗೂ ಬಂದಿದೆ.